ಪುಸ್ತಕವೋ, ಶೀಟೋ, ಆ್ಯಪೋ: ಮನೆಯವರ ಸ್ವಂತ ದುಡಿಮೆಗೆ ಲೆಕ್ಕದ ಸಾಧನ ಆರಿಸುವ ಬಗೆ

ನಮ್ಮ ಮಂಗಳೂರು–ಉಡುಪಿ ಕಡೆ ಸ್ವಂತ ದುಡಿಮೆಯವರು ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ಅಕ್ಕ ಬ್ಲೌಸ್ ಹೊಲಿಯುತ್ತಾಳೆ, ಮಾವನಿಗೆ ಜೀನಸಿನ ಅಂಗಡಿ, ಚಿಕ್ಕಮ್ಮನ ಹಿತ್ತಲಲ್ಲಿ ಮಲ್ಲಿಗೆ, ತಮ್ಮ ಎಸಿ ರಿಪೇರಿಗೆಂದು ಸುರತ್ಕಲ್‌ನಿಂದ ಮಣಿಪಾಲದವರೆಗೆ ಸ್ಕೂಟರಿನಲ್ಲಿ ಓಡಾಡುತ್ತಾನೆ. ಇವರಲ್ಲೊಬ್ಬರು “ಲೆಕ್ಕ ಬರೆದಿಡ್ಲಿಕ್ಕೆ ಒಂದು ಒಳ್ಳೆ ಆ್ಯಪ್ ಹಾಕಿ ಕೊಡು ಮಾರಾಯ” ಎಂದರೆ, ಮನೆಯಲ್ಲಿ ಸ್ವಲ್ಪ ಮೊಬೈಲ್ ಗೊತ್ತಿರುವವರು ನೇರ ಪ್ಲೇ ಸ್ಟೋರಿಗೆ ಹೋಗುತ್ತಾರೆ. ಅದಕ್ಕೂ ಮೊದಲು ಅವರ ಹತ್ತಿರ ಕೂತು ಕೇಳಬೇಕಾದ ಮಾತೊಂದಿದೆ: ನಿಮ್ಮ ದುಡ್ಡು ಕೈತಪ್ಪುವುದು ಎಲ್ಲಿ?

ಸಣ್ಣ ದುಡಿಮೆಯಲ್ಲಿ ಅದಕ್ಕೆ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು. ಕಡ ಕೊಟ್ಟದ್ದು ನೆನಪಿಂದ ಜಾರಿಹೋಗುತ್ತದೆ. ಅಥವಾ ದಿನವಿಡೀ ದುಡಿದರೂ ಖರ್ಚು ಕಳೆದು ಉಳಿದದ್ದೆಷ್ಟು ಎಂದು ತಿಳಿಯುವುದಿಲ್ಲ, ಹಾಗಾಗಿ ಹಳೆಯ ದರಕ್ಕೇ ಕೆಲಸ ಮಾಡಿಕೊಡುತ್ತಾರೆ. ಅಥವಾ ಬ್ಯಾಂಕಿನವರೋ ತೆರಿಗೆಯವರೋ ದೊಡ್ಡ ಗಿರಾಕಿಯೋ ಕೇಳಿದಾಗ ತೋರಿಸಲು ಕಾಗದ ಇರುವುದಿಲ್ಲ. ಪುಸ್ತಕ, ಶೀಟ್, ಕಡದ ಆ್ಯಪ್, ಬಿಲ್ಲಿಂಗ್ ಆ್ಯಪ್, ಟ್ಯಾಲಿ ಎಂಬ ಕಂಪ್ಯೂಟರ್ ಲೆಕ್ಕದ ಸಾಫ್ಟ್‌ವೇರ್ ಇವುಗಳಲ್ಲಿ ಒಂದೊಂದು ಒಂದೊಂದಕ್ಕೆ ಒದಗುತ್ತದೆ. ಎಲ್ಲವನ್ನೂ ಮಾಡುತ್ತೇನೆ ಎನ್ನುವ ಸಾಧನವನ್ನು ಕೊಟ್ಟರೆ ಅವರು ಒಂದು ವಾರ ಬರೆದು ಬಿಡುತ್ತಾರೆ. ತಪ್ಪು ಅವರದ್ದಲ್ಲ, ಆರಿಸಿ ಕೊಟ್ಟವರದ್ದು.

ಅಳತೆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ

ಯಾವುದೇ ಲೇಡಿಸ್ ಟೈಲರ್ ಹತ್ತಿರ ಹೋಗಿ ಅಳತೆ ಪುಸ್ತಕವನ್ನು ಗಮನವಿಟ್ಟು ನೋಡಿ. ಮೇಲೆ ಬಿಲ್ ನಂಬರ್, ಹೆಸರು, ಫೋನ್. ಕೆಳಗೆ ಎದೆ, ಸೊಂಟ, ತೋಳು, ಹಿಂದಿನ ಕುತ್ತಿಗೆ ಎಷ್ಟು ಇಳಿಯಬೇಕೆಂದು ಪೆನ್ನಲ್ಲಿ ಬಿಡಿಸಿದ ಒಂದು ಗೆರೆಚಿತ್ರ. ಮೂಲೆಗೆ ಸ್ಟೇಪಲ್ ಮಾಡಿದ ಬಟ್ಟೆಯ ತುಂಡು. ಕೊನೆಗೆ ಕೊಡುವ ತಾರೀಕು, ಅಡ್ವಾನ್ಸ್ ಎಷ್ಟು. ಇದು ಅಳತೆಯ ಪುಸ್ತಕ ಮಾತ್ರ ಅಲ್ಲ, ಮುಕ್ಕಾಲು ಪಾಲು ಲೆಕ್ಕದ ಪುಸ್ತಕವೇ. ಪ್ರತಿ ಪುಟದ ಕೆಳಗೆ ಇನ್ನು ಮೂರು ಸಂಗತಿ ಸೇರಿದರೆ ಸಾಕು: ಬಾಕಿ ಎಷ್ಟು, ಅದು ಬಂದ ತಾರೀಕು ಯಾವುದು, ಬಂದದ್ದು ನಗದೋ ಯುಪಿಐಯೋ. ಅಕ್ಕನ ಕೈ ಆ ಪುಟಕ್ಕೆ ದಿನವೂ ಹೋಗುತ್ತದೆ. ಹೊಸ ಅಭ್ಯಾಸವನ್ನೇನೂ ಕಲಿಯಬೇಕಿಲ್ಲ. ಅಂಥವಳ ಕೈಗೆ ಆ್ಯಪ್ ಕೊಟ್ಟು ಅದೇ ವಿವರವನ್ನು ಎರಡನೇ ಸಲ ತುಂಬಿಸುವುದು ನನಗೆ ಸರಿ ಕಾಣುವುದಿಲ್ಲ.

ಅಕ್ಕನಿಗೆ ಕೊರತೆ ಇರುವುದು ಖರ್ಚಿನ ಕಡೆ. ಅದಕ್ಕೊಂದು ಪ್ರತ್ಯೇಕ ಪುಸ್ತಕ ಬೇಕು. ಲೈನಿಂಗ್ ಬಟ್ಟೆ, ನೂಲು, ಹುಕ್, ಕೈಹೊಲಿಗೆಗೆ ಹೊರಗೆ ಕೊಟ್ಟದ್ದು, ಬಾಡಿಗೆ, ಕರೆಂಟು, ಮೆಷಿನ್ ಸರ್ವಿಸ್. ಒಂದು ಉದಾಹರಣೆ ಹಾಕಿ ನೋಡೋಣ. ಲೈನಿಂಗ್ ಬ್ಲೌಸಿಗೆ 500 ರೂಪಾಯಿ. ಅದರಲ್ಲಿ ಲೈನಿಂಗ್‌ಗೆ 90, ಹುಕ್ಕು–ನೂಲಿಗೆ 15, ಕೈಹೊಲಿಗೆಗೆ 60 ಹೋದರೆ ಉಳಿಯುವುದು 335. ತಿಂಗಳಿಗೆ 60 ಬ್ಲೌಸ್ ಆದರೆ 20,100. ಬಾಡಿಗೆ 6,000, ಕರೆಂಟು 700 ಕಳೆದರೆ ಕೈಗೆ ಸಿಕ್ಕಿದ್ದು 13,400. ಗಿರಾಕಿಗಳು ಕೊಟ್ಟ 30,000 ಮಾತ್ರ ಕಣ್ಣಿಗೆ ಕಾಣುತ್ತಿದ್ದವಳಿಗೆ ಈ 13,400 ಒಮ್ಮೆ ಕಾಣಿಸಿಕೊಂಡರೆ ಮುಂದಿನ ಮದುವೆ ಸೀಸನ್ನಿಗೆ ದರ ಎಷ್ಟು ಹೇಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪುಸ್ತಕದ ಕೊರತೆಗಳೂ ಇವೆ. ಪ್ರತಿ ಒಂದೇ. ತಿಂಗಳ ಕೊನೆಗೆ ಕೂಡಿಸುವವರು ಬೇಕು. ನಮ್ಮ ಮಳೆಗಾಲದಲ್ಲಿ ಕಾಗದ ಒದ್ದೆ ಹಿಡಿದು ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ರಟ್ಟಿನ ಬೈಂಡ್ ಇರುವ ಉದ್ದ ಪುಸ್ತಕ, ಬಾಲ್ ಪೆನ್ನು, ವಾರಕ್ಕೊಮ್ಮೆ ಪುಟಗಳ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೆ ವಾಟ್ಸ್‌ಆ್ಯಪ್ ಮಾಡುವುದು: ಇಷ್ಟರಿಂದ ಆ ಕೊರತೆ ಬಹುಪಾಲು ನೀಗುತ್ತದೆ.

ಪುಸ್ತಕ ಬರೆಯುವವರು ಪದೇ ಪದೇ ಎಡವುವ ಒಂದು ಜಾಗ ನಮ್ಮ ಊರಿಗೇ ವಿಶೇಷ: ಪಿಗ್ಮಿ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಠೇವಣಿ ಕಟ್ಟಿಸಿಕೊಳ್ಳುವ ಈ ಪದ್ಧತಿಯನ್ನು ಶುರುಮಾಡಿತು. ಇವತ್ತಿಗೂ ಸಹಕಾರಿ ಸಂಘಗಳ ಪಿಗ್ಮಿಯವರು ಸಂಜೆಹೊತ್ತು ಅಂಗಡಿಗೆ ಬರುತ್ತಾರೆ. ದಿನಕ್ಕೆ 100 ರೂಪಾಯಿ ಪಿಗ್ಮಿಗೆ ಕೊಟ್ಟದ್ದನ್ನು ಅನೇಕರು ಖರ್ಚಿನ ಸಾಲಲ್ಲಿ ಬರೆಯುತ್ತಾರೆ. ಅದು ಖರ್ಚಲ್ಲ, ಉಳಿತಾಯ. ಹಾಗೆಯೇ ಸ್ವಸಹಾಯ ಸಂಘಕ್ಕೆ ವಾರವಾರ ಕಟ್ಟುವ ಕಂತಿನಲ್ಲಿ ಬಡ್ಡಿಯ ಪಾಲು ಮಾತ್ರ ಖರ್ಚು, ಅಸಲು ಸಾಲ ತೀರಿಸಿದ್ದು. ಇವೆರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಇಲ್ಲದಿದ್ದರೆ ಲಾಭದಲ್ಲಿರುವ ದುಡಿಮೆಯೂ ನಷ್ಟದಲ್ಲಿದ್ದ ಹಾಗೆ ಕಾಣುತ್ತದೆ.

ಮಲ್ಲಿಗೆಗೆ ಶೀಟ್

ಶಂಕರಪುರದ ಸುತ್ತಮುತ್ತ ಮಲ್ಲಿಗೆ ಬೆಳೆಯುವವರ ಲೆಕ್ಕ ಬೇರೆಯೇ ಜಾತಿಯದ್ದು. ಹೂವು ಕೊಡುವುದು ದಿನವೂ, ದರ ಬದಲಾಗುವುದೂ ದಿನವೂ. ಅಳೆಯುವುದು ಅಟ್ಟೆ, ಚೆಂಡಿನಲ್ಲಿ: ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದುಡ್ಡು ಕೈಗೆ ಬರುವುದು ಆಮೇಲೆ, ಒಟ್ಟಾಗಿ. ಇವತ್ತು ಚಿಕ್ಕಮ್ಮ ಎರಡು ಅಟ್ಟೆ ಮೂರು ಚೆಂಡು ಕೊಟ್ಟು, ಅಟ್ಟೆಯ ದರ 800 ಇದ್ದರೆ ಅವಳಿಗೆ ಬರಬೇಕಾದ್ದು 2,200. ನಾಳೆ ದರ 500ಕ್ಕೆ ಇಳಿದು ಅಷ್ಟೇ ಹೂವು ಕೊಟ್ಟರೆ 1,375. ಇದನ್ನು ತಿಂಗಳಿಡೀ ತಲೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ. ಹೂವು ಕೊಳ್ಳುವ ಕಟ್ಟೆಯವರು ಕೊಟ್ಟ ಚೀಟಿಯನ್ನು ತಾಳೆ ನೋಡದೆ ಒಪ್ಪಿಕೊಳ್ಳುವುದೇ ರೂಢಿಯಾಗಿಬಿಡುತ್ತದೆ.

ಇಂಥಲ್ಲಿ ಗೂಗಲ್ ಶೀಟ್ಸ್ ಉಳಿದೆಲ್ಲವನ್ನೂ ಮೀರಿಸುತ್ತದೆ. ತಾರೀಕು, ಅಟ್ಟೆ, ಚೆಂಡು, ದರ ಎಂಬ ನಾಲ್ಕು ಕಾಲಂ. ಐದನೆಯದರಲ್ಲಿ ಸೂತ್ರ: ಚೆಂಡನ್ನು ನಾಲ್ಕರಿಂದ ಭಾಗಿಸಿ ಅಟ್ಟೆಗೆ ಕೂಡಿಸಿ ದರದಿಂದ ಗುಣಿಸುವುದು. ಸೂತ್ರವನ್ನು ಒಮ್ಮೆ ನೀವು ಬರೆದುಕೊಟ್ಟರೆ ಚಿಕ್ಕಮ್ಮ ತುಂಬಬೇಕಾದ್ದು ತಾರೀಕಿನ ಜೊತೆ ದಿನಕ್ಕೆ ಮೂರು ಅಂಕಿ. ಇನ್ನೊಂದು ಹಾಳೆಯಲ್ಲಿ ಹಿಂಡಿ, ಗೊಬ್ಬರ, ಬಾಳೆನಾರು, ಹೂ ಕಟ್ಟಲು ಬರುವವರ ಮಜೂರಿ. ವರ್ಷ ತುಂಬಿದ ಮೇಲೆ ಯಾವ ತಿಂಗಳು ದರ ಏರಿತು, ಯಾವಾಗ ಹೂವೇ ಇರಲಿಲ್ಲ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಬಿಲ್ಲಿಂಗ್ ಆ್ಯಪ್‌ಗಳು ಸರಕಿಗೆ ಒಂದು ದರ ನಿಂತಿರುತ್ತದೆ ಎಂದು ಭಾವಿಸಿ ಮಾಡಿದವು. ದಿನದಿನ ಬದಲಾಗುವ ದರಕ್ಕೆ ಅವು ಕಿರಿಕಿರಿ. ಮೀನು ಮಾರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಶೀಟಿನ ಇನ್ನೊಂದು ಅನುಕೂಲ, ಅದನ್ನು ಹಂಚಿಕೊಳ್ಳಬಹುದು. ಮಗ ದುಬೈಯಲ್ಲಿದ್ದರೂ ಬೆಂಗಳೂರಲ್ಲಿದ್ದರೂ ಅಮ್ಮ ತುಂಬಿದ್ದನ್ನು ಅದೇ ಹೊತ್ತಿಗೆ ನೋಡುತ್ತಾನೆ. ಅಕಸ್ಮಾತ್ ಒಂದು ಸಾಲು ಅಳಿಸಿಹೋದರೆ ಹಿಂದಿನ ಆವೃತ್ತಿಗೆ ಮರಳಬಹುದು. ಆದರೆ ಫೋನಿನ ಸಣ್ಣ ಪರದೆಯಲ್ಲಿ ಸರಿಯಾದ ಚೌಕಕ್ಕೇ ಬೆರಳು ಇಡುವುದು ವಯಸ್ಸಾದವರಿಗೆ ಕಷ್ಟ. ಅಂಥವರಿಗೆ ಗೂಗಲ್ ಫಾರ್ಮ್ ಮಾಡಿ ಕೊಡಿ. ನಾಲ್ಕು ಪ್ರಶ್ನೆ ತುಂಬಿ ಕಳಿಸಿದರೆ ಉತ್ತರ ತಾನಾಗಿ ಶೀಟಿಗೆ ಹೋಗಿ ಕೂರುತ್ತದೆ. ಅದೂ ಆಗದು ಎಂದರೆ ಅವರು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಲಿ, ವಾರಕ್ಕೊಮ್ಮೆ ನೀವು ಏರಿಸಿ. ಕ್ಯಾಲೆಂಡರಿನಲ್ಲಿ ಲೆಕ್ಕ ಬರೆಯುವುದನ್ನು ಕೀಳೆಂದು ತಿಳಿಯಬೇಡಿ. ಅಂದಂದೇ ಬರೆದ ಅಂಕಿಗಿಂತ ನಂಬಲರ್ಹವಾದದ್ದು ಬೇರೆ ಇಲ್ಲ.

ಕಡದ ಆ್ಯಪ್

ಮಾವನ ಅಂಗಡಿಯದ್ದು ಕಡದ ಪಾಡು. ಮಲ್ಪೆಯಂಥ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟಿನ ದುಡಿಮೆ ನಂಬಿದ ಮನೆಗಳಿಗೆ ಅಕ್ಕಿ–ಸಕ್ಕರೆ ಕಡಕ್ಕೇ ಹೋಗಬೇಕು. ಬೋಟು ಕಡಲಿಗೆ ಇಳಿದ ಮೇಲೆ ವಸೂಲಿ. ಇಲ್ಲಿ ಬೇಕಾದ್ದು ಲಾಭ–ನಷ್ಟದ ಪಟ್ಟಿಯಲ್ಲ, ಯಾರು ಎಷ್ಟು ಕೊಡಬೇಕು ಎಂಬುದೊಂದೇ. ಖಾತಾಬುಕ್, ಓಕೆಕ್ರೆಡಿಟ್ ಎಂಬ ಆ್ಯಪ್‌ಗಳು ಇರುವುದೇ ಇದಕ್ಕೆ. ಹೆಸರು ಒತ್ತಿ, ಕೊಟ್ಟೆ ಅಥವಾ ಬಂತು ಎಂದು ಅಂಕಿ ಹಾಕಿದರೆ ಬಾಕಿ ತಾನಾಗಿ ಕಾಣುತ್ತದೆ. ಕನ್ನಡದಲ್ಲೂ ಬಳಸಬಹುದು. ಎರಡರಲ್ಲಿ ಯಾವುದು ಎಂದು ಬಹಳ ತಲೆಕೆಡಿಸಿಕೊಳ್ಳುವುದು ಬೇಡ. ಪಕ್ಕದ ಅಂಗಡಿಯವರು ಯಾವುದನ್ನು ಬಳಸುತ್ತಾರೋ ಅದೇ ಒಳ್ಳೆಯದು, ಸಂಶಯ ಬಂದಾಗ ಕೇಳಲು ಜನ ಇರುತ್ತಾರೆ.

ಹುಷಾರಾಗಿರಬೇಕಾದ್ದು ಮೆಸೇಜಿನ ವಿಷಯದಲ್ಲಿ. ಈ ಆ್ಯಪ್‌ಗಳು ಕಡ ಬರೆದ ಕೂಡಲೇ ಗಿರಾಕಿಗೆ ಎಸ್‌ಎಂಎಸ್ ಕಳಿಸಬಲ್ಲವು. ಸೋಪು ಕೊಂಡವಳು ಮನೆ ಮುಟ್ಟುವ ಮೊದಲೇ “ನಿಮ್ಮ ಬಾಕಿ 1,340 ರೂಪಾಯಿ” ಎಂದು ಅವಳ ಗಂಡನ ಫೋನಿಗೆ ಮೆಸೇಜು ಹೋದರೆ ಅವಳು ನಾಳೆಯಿಂದ ಬೇರೆ ಅಂಗಡಿಗೆ ಹೋಗಬಹುದು. “ಇಷ್ಟು ವರ್ಷದ ಪರಿಚಯ, ನಮ್ಮ ಮೇಲೆ ನಂಬಿಕೆ ಇಲ್ವಾ?” ಎಂಬ ಮಾತೂ ಬರುತ್ತದೆ. ಊರಿನ ಅಂಗಡಿ ನಡೆಯುವುದು ಮುಖದಾಕ್ಷಿಣ್ಯದ ಮೇಲೆ. ಮೊದಲ ದಿನವೇ ಆ ಮೆಸೇಜನ್ನು ಬಂದ್ ಮಾಡಿಕೊಡಿ. ಯಾರಿಗೆ ನೆನಪಿಸಬೇಕು, ಯಾವಾಗ ನೆನಪಿಸಬೇಕು ಎಂಬುದನ್ನು ಮಾವನೇ ತೀರ್ಮಾನಿಸಲಿ. ಮಂಗಳೂರು ಬಂದರಿನ ಹೋಲ್‌ಸೇಲಿನವರಿಗೆ ಅವರು ಕೊಡಬೇಕಾದ ಬಾಕಿಯನ್ನೂ ಅದೇ ಆ್ಯಪಿನಲ್ಲಿ ಬರೆಯುವುದನ್ನು ಮರೆಯಬೇಡಿ. ಬರಬೇಕಾದ್ದನ್ನು ಮಾತ್ರ ನೋಡುತ್ತಾ ಕೂತರೆ ಇಲ್ಲದ ಧೈರ್ಯ ಬರುತ್ತದೆ.

ಬಿಲ್ಲು ಕೇಳುವ ಗಿರಾಕಿ ಇದ್ದರೆ

ತಮ್ಮನ ಎಸಿ ಕೆಲಸದಲ್ಲಿ ಮನೆಗಳವರು ದುಡ್ಡು ಅಲ್ಲಿಂದಲ್ಲಿಗೆ ಕೊಟ್ಟು ಮುಗಿಸುತ್ತಾರೆ. ಬೈಕಂಪಾಡಿಯ ಕಂಪನಿಯವರು ಬಿಲ್ಲು ಕೇಳುತ್ತಾರೆ, ದುಡ್ಡು ತಡವಾಗಿ ಕೊಡುತ್ತಾರೆ, ಅದರಲ್ಲೂ ಟಿಡಿಎಸ್, ಅಂದರೆ ಮುಂಚಿತವಾಗಿ ಆದಾಯ ತೆರಿಗೆಯ ಪಾಲು, ಹಿಡಿದು ಕೊಡುತ್ತಾರೆ. ಗುತ್ತಿಗೆ ಕೆಲಸದ ಒಂದು ಬಿಲ್ಲು 30,000 ಮೀರಿದರೆ, ಇಲ್ಲವೇ ವರ್ಷದಲ್ಲಿ ಒಟ್ಟು ಒಂದು ಲಕ್ಷ ಮೀರಿದರೆ, ಪ್ಯಾನ್ ಕೊಟ್ಟ ವ್ಯಕ್ತಿಗೆ ನೂರಕ್ಕೆ ಒಂದರಂತೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ರಿಟರ್ನ್ ಹಾಕಿ, ಕಟ್ಟಬೇಕಾದ ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ಯಾವ ಬಿಲ್ಲಿನಲ್ಲಿ ಎಷ್ಟು ಹಿಡಿದರು ಎಂದು ಬರೆದಿಟ್ಟುಕೊಂಡು, ಆದಾಯ ತೆರಿಗೆ ಪೋರ್ಟಲಿನಲ್ಲಿ 26ಎಎಸ್ ಎಂದು ಹೆಸರಾದ ಟಿಡಿಎಸ್ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಇಂಥವನಿಗೆ ವ್ಯಾಪಾರ್, ಮೈಬಿಲ್‌ಬುಕ್ ಥರದ ಬಿಲ್ಲಿಂಗ್ ಆ್ಯಪ್ ತಕ್ಕದ್ದು. ಕೆಲಸ ಮುಗಿದ ಜಾಗದಲ್ಲೇ ಫೋನಿನಿಂದ ಬಿಲ್ಲು ಮಾಡಿ ವಾಟ್ಸ್‌ಆ್ಯಪಿಗೆ ಕಳಿಸಬಹುದು. ಬಿಲ್ ನಂಬರ್ ಸಾಲಾಗಿ ಬರುತ್ತದೆ. ಗ್ಯಾಸ್ ತುಂಬಿದ್ದು, ಕೆಪಾಸಿಟರ್ ಹಾಕಿದ್ದು, ಸರ್ವಿಸ್ ಚಾರ್ಜು ಎಂದು ಬಿಡಿಬಿಡಿಯಾಗಿ ತೋರಿಸಬಹುದು. ಯಾವ ಬಿಲ್ಲಿನ ದುಡ್ಡು ಎಷ್ಟು ದಿನದಿಂದ ಬಂದಿಲ್ಲ ಎಂದೂ ತಿಳಿಯುತ್ತದೆ. ಆ್ಯಪ್ ಹಾಕುವಾಗ ಎರಡು ವಿಷಯ ನೋಡಿಕೊಳ್ಳಿ: ಈಗಿನ ವಾರ್ಷಿಕ ಶುಲ್ಕ ಎಷ್ಟು, ಮತ್ತು ಶುಲ್ಕ ಕಟ್ಟುವುದನ್ನು ನಿಲ್ಲಿಸಿದ ಮೇಲೂ ಹಳೆಯ ಬಿಲ್ಲುಗಳನ್ನು ಎಕ್ಸೆಲ್ ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಲು ಬರುತ್ತದೋ ಇಲ್ಲವೋ. ಎರಡನೆಯದಕ್ಕೆ ಸ್ಪಷ್ಟ ಉತ್ತರ ಸಿಗದ ಆ್ಯಪನ್ನು ನಾನು ಮನೆಯವರಿಗೆ ಹಾಕಿಕೊಡುವುದಿಲ್ಲ.

ಟ್ಯಾಲಿ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಗಟ್ಟಿ ಸಾಧನ, ಆಡಿಟರುಗಳಿಗೆಲ್ಲ ಪರಿಚಿತ. ಆದರೆ ಕಂಪ್ಯೂಟರ್ ಮುಂದೆ ಕೂರುವವರು ಬೇಕು, ಡೆಬಿಟ್–ಕ್ರೆಡಿಟ್ ಗೊತ್ತಿರಬೇಕು. ಒಬ್ಬರೇ ನಡೆಸುವ ದುಡಿಮೆಗೆ ಅದರ ಅಗತ್ಯ ಬರುವುದು ಜಿಎಸ್‌ಟಿ, ದಾಸ್ತಾನು, ಸಂಬಳದ ಕೆಲಸದವರು ಎಲ್ಲ ಒಟ್ಟಿಗೆ ಸೇರಿದಾಗ. ಆಗಲೂ ಆಡಿಟರ್ ಕಚೇರಿಯಲ್ಲೇ ಟ್ಯಾಲಿ ಇರಲಿ, ನಿಮ್ಮವರು ಬಿಲ್ಲು–ಚೀಟಿ ತಲುಪಿಸಿದರೆ ಸಾಕು.

ಸರಕಾರ ನಿಜಕ್ಕೂ ಕೇಳುವುದೇನು

ಆ್ಯಪ್‌ಗಳ ಜಾಹೀರಾತು ನೋಡಿದರೆ ಪ್ರತಿಯೊಬ್ಬ ದುಡಿಯುವವನಿಗೂ ಜಿಎಸ್‌ಟಿ ಸಾಫ್ಟ್‌ವೇರ್ ಬೇಕೇನೋ ಅನ್ನಿಸುತ್ತದೆ. ಹಾಗಿಲ್ಲ. ಕರ್ನಾಟಕದಲ್ಲಿ ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ. ಎರಡನ್ನೂ ಮಾಡಿದರೆ 20 ಲಕ್ಷವೇ ಲೆಕ್ಕಕ್ಕೆ. ಅಕ್ಕ ಹೊಲಿಗೆಯ ಜೊತೆ ಬ್ಲೌಸ್ ಪೀಸ್, ಫಾಲ್ ಮಾರಲು ಶುರುಮಾಡಿದರೂ, ತಮ್ಮ ಹಳೆ ಎಸಿ ಕೊಂಡು ಮಾರಿದರೂ ಇಬ್ಬರಿಗೂ ಮಿತಿ 20 ಲಕ್ಷ. ಹಾಲು, ತರಕಾರಿ, ಹೂವಿನಂಥ ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಮಾವನ ಅಂಗಡಿಯಲ್ಲಿ ಸೋಪು–ಬಿಸ್ಕತ್ತೂ ಇರುವುದರಿಂದ ಹಾಲು, ತರಕಾರಿಯ ವಹಿವಾಟು ಕೂಡ ಆ 40 ಲಕ್ಷದ ಎಣಿಕೆಗೆ ಸೇರುತ್ತದೆ. ಮಿತಿ ಮೀರಿದರೂ ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆಯ (ಕಾಂಪೊಸಿಷನ್) ದಾರಿ ಇದೆ: ವ್ಯಾಪಾರಿಗೆ ತೆರಿಗೆ ಬೀಳುವ ಸರಕಿನ ವಹಿವಾಟಿನ ಮೇಲೆ ನೂರಕ್ಕೆ ಒಂದು, ಹೋಟೆಲಿಗೆ ಐದು. ಅದರಲ್ಲಿ ತೆರಿಗೆ ಕಟ್ಟುವುದು ಮೂರು ತಿಂಗಳಿಗೊಮ್ಮೆ, ಗಿರಾಕಿಯಿಂದ ತೆರಿಗೆ ವಸೂಲು ಮಾಡುವ ಹಾಗಿಲ್ಲ.

ಆದಾಯ ತೆರಿಗೆಯಲ್ಲೂ ಸಣ್ಣವರಿಗೆ ಸುಲಭದ ದಾರಿ ಇದೆ. 1961ರ ಕಾಯ್ದೆಯಲ್ಲಿ 44ಎಡಿ ಎಂದು ಹೆಸರಾದ ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವಹಿವಾಟಿನ ನೂರಕ್ಕೆ 8, ಬ್ಯಾಂಕು–ಯುಪಿಐ ಮೂಲಕ ಬಂದದ್ದರ ನೂರಕ್ಕೆ 6 ಲಾಭ ಎಂದು ತೋರಿಸಬಹುದು. ಎಲ್ಲವೂ ಯುಪಿಐಯಲ್ಲೇ ಬಂದ 18 ಲಕ್ಷದ ವಹಿವಾಟಿಗೆ ಅದು 1,08,000. ಕಮಿಷನ್ ಮೇಲೆ ದುಡಿಯುವ ಎಲ್ಐಸಿ ಏಜೆಂಟರಂಥವರಿಗೆ ಈ ಸೌಲಭ್ಯ ಇಲ್ಲ, ಅವರು ಖರ್ಚಿನ ಚೀಟಿಗಳನ್ನು ಇಡಲೇಬೇಕು. ಉಳಿದ ಬಹಳಷ್ಟು ಜನರಿಗೆ ಲೆಕ್ಕ ಬೇಕಾಗುವುದು ತೆರಿಗೆಗಿಂತ ಹೆಚ್ಚಾಗಿ ಸಾಲಕ್ಕೆ. ಎರಡನೇ ಮೆಷಿನ್ನಿಗೋ ಹೊಸ ಫ್ರಿಜ್ಜಿಗೋ ಮುದ್ರಾ ಸಾಲ ಕೇಳಲು ಹೋದಾಗ ವಹಿವಾಟು ಎಷ್ಟು ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಿಶು ವರ್ಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಸಿಗುವ ಸಾಲಕ್ಕೆ ಅಚ್ಚುಕಟ್ಟಾಗಿ ಬರೆದ ಒಂದು ವರ್ಷದ ಪುಸ್ತಕ ಒಳ್ಳೆಯ ಆಧಾರ.

ಯಾವ ಸಾಧನ ಆರಿಸುವ ಮೊದಲೂ ಮಾಡಬೇಕಾದ ಕೆಲಸ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದ್ದು ನೆನಪಿರಬಹುದು. ಹೆದರಿದ ಕೆಲವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬೋರ್ಡು ಹಾಕಿದರು. ಮುಂದೆ ಸರಕಾರ ಹಳೆಯ ಬಾಕಿಯ ಬಗ್ಗೆ ಮೆತ್ತಗಾಯಿತು. ಆದರೆ ಅಂಗಡಿಯ ಖಾತೆಗೆ ಬಂದದ್ದೆಲ್ಲ ವಹಿವಾಟಿನ ಹಾಗೇ ಕಾಣುತ್ತದೆ ಎಂಬ ಸಂಗತಿ ಹಾಗೇ ಉಳಿದಿದೆ. ನಮ್ಮ ಕಡೆ ಇದು ಇನ್ನೂ ಗೋಜಲು. ಗಲ್ಫಿನಲ್ಲಿರುವ ಮಗ ಮನೆಖರ್ಚಿಗೆ ಕಳಿಸಿದ್ದು, ತಂಗಿ ವಾಪಸ್ ಕೊಟ್ಟ ಕೈಸಾಲ, ಚಿನ್ನ ಅಡವಿಟ್ಟು ತಂದದ್ದು, ಗಿರಾಕಿ ಕೊಟ್ಟದ್ದು ಎಲ್ಲ ಒಂದೇ ಉಳಿತಾಯ ಖಾತೆಯಲ್ಲಿ ಬೆರೆತಿರುತ್ತದೆ. ವರ್ಷದ ಕೊನೆಗೆ ಇದನ್ನು ಬಿಡಿಸಿ ಹೇಳಲು ಯಾವ ಆ್ಯಪಿಗೂ ಆಗುವುದಿಲ್ಲ.

ಆದ್ದರಿಂದ ಮೊದಲು ಬ್ಯಾಂಕಿಗೆ ಹೋಗಿ. ದುಡಿಮೆಗೆಂದೇ ಬೇರೆ ಖಾತೆ ತೆರೆದು, ಅಂಗಡಿಯ ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸಿ. ಮನೆಯ ದುಡ್ಡು ಆ ಖಾತೆಗೆ ಬರಬಾರದು. ಮನೆಖರ್ಚಿಗೆ ಬೇಕಾದ್ದನ್ನು ವಾರಕ್ಕೊಮ್ಮೆ ಅಲ್ಲಿಂದ ಮನೆಯ ಖಾತೆಗೆ ವರ್ಗಾಯಿಸಿ, “ಮನೆಗೆ” ಎಂದು ಬರೆಯಲಿ. ಇಷ್ಟಾದರೆ ಬ್ಯಾಂಕ್ ಸ್ಟೇಟ್‌ಮೆಂಟೇ ಅರ್ಧ ಲೆಕ್ಕ ಮಾಡಿಕೊಡುತ್ತದೆ, ಪುಸ್ತಕದಲ್ಲಿ ಬರೆಯಬೇಕಾದ್ದು ನಗದಿನ ಭಾಗ ಮಾತ್ರ.

ಆರಿಸಿದ ಮೇಲೆ

ಹದಿನೈದು ದಿನ ಬಳಸಿ ನೋಡಲಿ, ನೀವು ಪಕ್ಕದಲ್ಲಿ ಕೂತು ತುಂಬಬೇಡಿ. ದಿನದಲ್ಲಿ ಅವರ ಕೈ ಖಾಲಿಯಾಗುವ ಹೊತ್ತು ಯಾವುದೆಂದು ಗಮನಿಸಿ. ಅಕ್ಕನಿಗೆ ಮಧ್ಯಾಹ್ನ ಊಟದ ಮೊದಲು, ಮಾವನಿಗೆ ಶಟರ್ ಎಳೆಯುವ ಮೊದಲು, ಚಿಕ್ಕಮ್ಮನಿಗೆ ಹೂವು ಕೊಟ್ಟು ಬಂದ ಮೇಲೆ. ಬರೆಯುವುದು ಆ ಹೊತ್ತಿಗೆ ಹೊಂದಿಕೊಳ್ಳದಿದ್ದರೆ ಸಾಧನವನ್ನೇ ಬದಲಿಸಿ, ಅವರನ್ನು ಗದರಬೇಡಿ. “ನನ್ನಿಂದ ಇದೆಲ್ಲ ಆಗುದಿಲ್ಲ” ಎಂದು ಅವರು ಹೇಳಿದರೆ ಅದನ್ನು ಸೋಮಾರಿತನವೆಂದು ತಿಳಿಯಬೇಡಿ. ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ತೋರಿಸಲು ಹೇಳಿ. ಹೆಚ್ಚಿನ ಸಲ ಅದು ಇಂಗ್ಲಿಷಿನಲ್ಲಿದ್ದ ಒಂದು ಬಟನ್ನೋ ಮರೆತ ಪಾಸ್‌ವರ್ಡೋ ಆಗಿರುತ್ತದೆ.

ಆ್ಯಪನ್ನು ಅವರದೇ ನಂಬರಿನಲ್ಲಿ ತೆರೆಯಿರಿ, ನಿಮ್ಮ ನಂಬರಿನಲ್ಲಿ ಬೇಡ. ನಾಳೆ ನೀವು ಬೇರೆ ಊರಿಗೆ ಹೋದಾಗ ಓಟಿಪಿಗಾಗಿ ಅವರು ನಿಮ್ಮ ಫೋನ್ ಕಾಯುವಂತಾಗಬಾರದು. ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಲೆಕ್ಕವನ್ನು ಪಿಡಿಎಫ್ ಮಾಡಿ ಮನೆಯ ಇಬ್ಬರ ಫೋನಿನಲ್ಲಿ ಇಡಿ. ಜಿಎಸ್‌ಟಿ ನೋಂದಣಿ ಇದ್ದರೆ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ತಾರೀಕಿನಿಂದ ಆರು ವರ್ಷ ದಾಖಲೆ ಉಳಿಸಿಕೊಳ್ಳಬೇಕು. ಪುಸ್ತಕದಿಂದ ಆ್ಯಪಿಗೆ ಬದಲಾಗುವುದಾದರೆ ಏಪ್ರಿಲ್ 1 ಒಳ್ಳೆಯ ದಿನ: ಮಾರ್ಚ್ 31ರ ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿರುವ ನಗದು, ಬ್ಯಾಂಕಿನಲ್ಲಿರುವುದು, ಬರಬೇಕಾದ ಕಡ, ಕೊಡಬೇಕಾದ ಬಾಕಿ ಎಂಬ ನಾಲ್ಕು ಮೊತ್ತವನ್ನು ಬರೆದು, ಆ ಅಂಕಿಗಳಿಂದಲೇ ಹೊಸತನ್ನು ಶುರುಮಾಡಿ. ಹಳೆಯ ಪುಸ್ತಕವನ್ನು ಆ್ಯಪಿಗೆ ಪೂರ್ತಿ ಏರಿಸುವ ಶ್ರಮ ಬೇಡ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿನ ಹಲಗೆಯಲ್ಲಿಡಿ.